ಅಕ್ಕನ ದನಿ ಮತ್ತು ನನ್ನ ವ್ಯಾಖ್ಯಾನ



ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಅಭ್ಯಸಿಸಿದ ನನ್ನಂಥವನು ಧ್ವನಿಮುದ್ರಣದ ಯಂತ್ರವನ್ನು ಕುರಿತು ಲೇಖನಿ ಎತ್ತಿದ್ದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಅರವತ್ತು ದಾಟಿದ ಮೇಲೆ ನಾನು ಕಲಿತ ಒಂದು ಪಾಠ ಆ ಯಂತ್ರದ ಮುಂದೆಯೇ ದೊರೆಯಿತು. ಅದರಲ್ಲಿ ನನ್ನ ತಪ್ಪೂ ಇರುವುದರಿಂದ ಮುಚ್ಚಿಡದೆ ಹೇಳುವುದೇ ಲೇಸು.

ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯು ಜಲಾಶಯದಿಂದಲೂ ಅದರ ಅಂಚಿನ ಪಕ್ಷಿಧಾಮದಿಂದಲೂ ನಾಡಿಗೆ ಪರಿಚಿತವಾದ ಊರು. ನಮ್ಮ ದೊಡ್ಡಪ್ಪನ ಮಗಳು, ನನಗಿಂತ ಹನ್ನೆರಡು ವರ್ಷ ಹಿರಿಯಳಾದ ಅಕ್ಕ, ಅಲ್ಲಿಯ ಸೊಸೆ. ಆಕೆ ಯಾವ ಗುರುವಿನ ಬಳಿಯೂ ಕ್ರಮವಾಗಿ ಸಂಗೀತ ಕಲಿತವಳಲ್ಲ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯೇ ಆಕೆಯ ಪಾಠಶಾಲೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ವಚನಗಾಯನವನ್ನು ಕೇಳಿ ಕೇಳಿ, ರೊಟ್ಟಿ ತಟ್ಟುತ್ತಲೇ ತನ್ನದೊಂದು ಧಾಟಿಯನ್ನು ರೂಢಿಸಿಕೊಂಡಿದ್ದಳು. ಆ ಧಾಟಿ ಆಕೆಯೊಡನೆ ಅಳಿಯಬಾರದೆಂದು, ಕೆಲವು ವರ್ಷಗಳ ಹಿಂದೆ ನಾವು ಆಕೆಯ ಹಾಡುಗಾರಿಕೆಯನ್ನು ಮುದ್ರಿಸಿಕೊಳ್ಳಲು ನಿಶ್ಚಯಿಸಿದೆವು.

ನನ್ನ ತಂಗಿಯ ಮಗ ಹುಬ್ಬಳ್ಳಿಯಲ್ಲಿ ಧ್ವನಿವರ್ಧಕದ ಕೆಲಸ ಮಾಡುವವನು. ಆತ ಎಕ್ಸ್-32 ಎಂಬ ಡಿಜಿಟಲ್ ಮಿಕ್ಸರನ್ನೂ ಕಂಪ್ಯೂಟರನ್ನೂ ಹೊತ್ತು ತಂದ. ಒಂದೇ ತಂತಿಯ ಮೂಲಕ ಮೂವತ್ತೆರಡು ಧ್ವನಿಗಳನ್ನು ಬೇರೆಬೇರೆಯಾಗಿ ಕಂಪ್ಯೂಟರಿಗೆ ಕಳುಹಿಸಬಲ್ಲ ಯಂತ್ರವದು. ನಮಗೆ ಬೇಕಾದುದು ಐದೇ: ಅಕ್ಕನಿಗೊಂದು ಮೈಕು, ಹಾರ್ಮೋನಿಯಂ, ತಬಲಾ, ತಾಳಗಳಿಗೆ ಒಂದೊಂದು, ವಚನದ ಅರ್ಥ ಹೇಳುವ ನನಗೊಂದು. ಮೈಕು ಬಾಯಿಂದ ಒಂದು ಗೇಣು ದೂರವಿದ್ದರೆ, ಪಕ್ಕದ ಮೈಕು ಅದರಿಂದ ಕನಿಷ್ಠ ಮೂರು ಗೇಣು ದೂರವಿರಬೇಕೆಂಬ ನಿಯಮವನ್ನು ಆತ ಚಾಚೂ ತಪ್ಪದೆ ಪಾಲಿಸಿದ. ಇಲ್ಲವಾದರೆ ಒಬ್ಬರ ಧ್ವನಿ ಇನ್ನೊಬ್ಬರ ಮೈಕಿನಲ್ಲಿ ಬಲವಾಗಿ ನುಸುಳಿ, ಎರಡೂ ಕೂಡಿದಾಗ ದನಿ ಟೊಳ್ಳಾಗುತ್ತದೆಯಂತೆ.

ಹಿಂದೆ ಗ್ರಾಮಫೋನಿನ ಕಾಲದಲ್ಲಿ ತಟ್ಟೆಯ ಒಂದು ಬದಿಗೆ ಮೂರು ನಿಮಿಷದಷ್ಟೇ ಅವಕಾಶ. ಹಾಡುವವರೂ ನುಡಿಸುವವರೂ ಒಂದೇ ಮೈಕಿನ ಸುತ್ತ ಕುಳಿತು, ಹತ್ತಿರ ದೂರ ಸರಿದು ಸಮತೋಲ ಸಾಧಿಸಬೇಕಾಗಿತ್ತು. ಅಂದು ಬೆರೆತದ್ದು ಬೆರೆತೇ ಹೋಯಿತು. ಪ್ರತಿಯೊಂದು ಧ್ವನಿಗೂ ಪ್ರತ್ಯೇಕ ಪಥ ಕೊಡುವ ಕ್ರಮ ಅನಂತರ ಬಂದಿತು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಎಂಟು ಪಥಗಳ ಟೇಪ್ ಯಂತ್ರವನ್ನು ಆಂಪೆಕ್ಸ್ ಸಂಸ್ಥೆಯಿಂದ ಪಡೆದದ್ದು ಆ ಚರಿತ್ರೆಯ ಒಂದು ಮೈಲಿಗಲ್ಲು. ಈಗ ಟೇಪಿನ ಸ್ಥಾನವನ್ನು ಅಂಕಿಗಳು ಆಕ್ರಮಿಸಿವೆ. ನಮ್ಮ ಮುದ್ರಣದಲ್ಲಿ ಪ್ರತಿ ಪಥದ ಧ್ವನಿಯನ್ನು ಯಂತ್ರವು ಸೆಕೆಂಡಿಗೆ 48,000 ಸಲ ಅಳೆದು ಬರೆದಿಡುತ್ತಿತ್ತು.

ಹಾಡುಗಾರಿಕೆ ಸೊಗಸಾಗಿ ಸಾಗಿತು. ಒಂದೆಡೆ ಅಕ್ಕನ ದನಿ ನನಗೆ ಕ್ಷೀಣವೆನಿಸಿ, “ಇನ್ನಷ್ಟು ಏರಿಸಪ್ಪಾ” ಎಂದು ಅವಸರಪಡಿಸಿದೆ. “ಮಾಮಾ, ಈಗಿದ್ದದ್ದ ಸಾಕರಿ, ಆಮ್ಯಾಲೆ ಏರಿಸಬಹುದು” ಎಂದ. ನಾನು ಒಪ್ಪಲಿಲ್ಲ. ಹಿರಿಯನ ಮಾತನ್ನು ಮೀರಲಾರದೆ ಆತ ಗೇನ್ ಗುಂಡಿಯನ್ನು ತಿರುವಿದ. ಮರುಗಳಿಗೆಯಲ್ಲೇ ಅಕ್ಕ ತಾರಸ್ಥಾಯಿಗೆ ಏರಿದಳು; ಕೆಂಪು ದೀಪ ಮಿನುಗಿತು. ಅದರ ಅರ್ಥ ನನಗೆ ಅಂದು ತಿಳಿಯಲಿಲ್ಲ.

ಅನಂತರ ಹುಬ್ಬಳ್ಳಿಯಲ್ಲಿ ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ. ಅಲ್ಲಿಯೂ ನನ್ನದೇ ದರ್ಬಾರು. ವ್ಯಾಖ್ಯಾನ ಎಲ್ಲರಿಗೂ ಮುಟ್ಟಬೇಕೆಂಬ ಆಸೆಯಿಂದ ನನ್ನ ಫೇಡರನ್ನು ಮೇಲಕ್ಕೆ ಸರಿಸಲು ಹೇಳಿದೆ. ಅಕ್ಕ ಕೊನೆಯ ಸ್ವರದಲ್ಲಿ ನಿಂತಿರುವಾಗಲೇ ನನ್ನ ಮಾತು ಆರಂಭವಾಗುವಂತೆ ಜೋಡಿಸಿದೆ. ಆಕೆಯ ಉಸಿರಿನ ಸದ್ದನ್ನು ಕತ್ತರಿಸಲು ಹೇಳಿದೆ. ಹೀಗೆ ಸಿದ್ಧವಾದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತುಂಬಿ ಬಂಧುಗಳ ಮನೆಮನೆಗೆ ಹಂಚಿದೆವು.

ಅಕ್ಕ ಅದನ್ನು ಪೂರ್ತಿ ಕೇಳಿದಳು. ಕೇಳಿ ನಕ್ಕು, “ತಮ್ಮಾ, ನಾ ಹಾಡಿದ್ದಕ್ಕಿಂತ ನೀ ಹೇಳಿದ್ದ ಭಾಳ ಆತಲ್ಲೋ” ಎಂದಳು. ಅಷ್ಟೇ. ಮತ್ತೊಮ್ಮೆ ಆ ವಿಷಯ ಎತ್ತಲಿಲ್ಲ. ಆರು ತಿಂಗಳೊಳಗೆ ಆಕೆ ಲಿಂಗೈಕ್ಯಳಾದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಪುಣ್ಯಸ್ಮರಣೆಗೆ ಮುನ್ನ ಅಳಿಯನ ಬಳಿಗೆ ಹೋಗಿ, “ನನ್ನ ಮಾತನ್ನು ತೆಗೆಯಲು ಬರುವುದೇನಪ್ಪಾ?” ಎಂದು ಕೇಳಿದೆ. ಹಂಚಿದ ಪ್ರತಿಯಿಂದ ಬರುವುದಿಲ್ಲವೆಂದ; ಬಳಿಕ ಕಂಪ್ಯೂಟರಿನಲ್ಲಿ ಹಳೆಯ ಕಡತ ತೆರೆದ. ಐದೂ ಪಥಗಳು ಮುದ್ರಿಸಿದ ದಿನದಂತೆಯೇ ಇದ್ದವು. ನಾವು ಏರಿಸಿದ್ದು, ಇಳಿಸಿದ್ದು, ಕತ್ತರಿಸಿದ್ದು ಎಲ್ಲವೂ ತಂತ್ರಾಂಶಕ್ಕೆ ಕೊಟ್ಟ ಆಜ್ಞೆಗಳಷ್ಟೇ. ಮೂಲಧ್ವನಿಯನ್ನು ಅದು ಮುಟ್ಟಿರಲಿಲ್ಲ. ನನ್ನ ಪಥವನ್ನು ಮುಚ್ಚಿದ. ಕತ್ತರಿಸಿದ ಉಸಿರು ಮರಳಿ ಬಂದಿತು. ಸ್ವರ ನಿಂತ ಮೇಲೆ ಅಕ್ಕ ಸುಮ್ಮನಿದ್ದ ಗಳಿಗೆಯಲ್ಲಿ, ದೂರದ ಜಲಾಶಯದಿಂದ ಹಕ್ಕಿಗಳ ಕಲರವ ಕೇಳಿಸಿತು. ನನ್ನ ಮಾತು ಅದೆಲ್ಲವನ್ನೂ ಮುಚ್ಚಿಬಿಟ್ಟಿತ್ತು!

ವಚನದ ಮಾತು ಇನ್ನಷ್ಟು ಸ್ಫುಟವಾಗಬೇಕೆಂದಾಗ ಆತ ಅಕ್ಕನ ದನಿಯನ್ನು ಏರಿಸಲಿಲ್ಲ. ಕ, ತ, ಸ ಮೊದಲಾದ ವ್ಯಂಜನಗಳ ಸ್ಪಷ್ಟತೆಗೆ ಸೆಕೆಂಡಿಗೆ ಸುಮಾರು 2,000ದಿಂದ 4,000ದವರೆಗಿನ ಕಂಪನಗಳು ಮುಖ್ಯ. ಹಾರ್ಮೋನಿಯಂನ ಹರಿತವೂ ಅಲ್ಲಿಯೇ ಇರುತ್ತದೆ. ಅಷ್ಟು ಭಾಗದಲ್ಲಿ ಮಾತ್ರ ಹಾರ್ಮೋನಿಯಂ ಅನ್ನು ಮೂರು ಡೆಸಿಬೆಲ್ ತಗ್ಗಿಸಿದ. “ಒಬ್ಬರು ತುಸು ಸರದ್ರ ಇನ್ನೊಬ್ಬರಿಗೆ ಜಾಗಾ ಸಿಗತೈತ್ರಿ” ಎಂದ. ಯಂತ್ರವನ್ನು ಕುರಿತು ಆಡಿದ ಮಾತು ನನ್ನ ಎದೆಗೇ ನಾಟಿತು. ವರ್ಣಮಾಲೆಯನ್ನು ನಲವತ್ತು ವರ್ಷ ಬೋಧಿಸಿದ ನನಗೆ, ಅಕ್ಷರಕ್ಕೂ ಕೇಳಲು ಎಡೆ ಬೇಕೆಂಬುದು ಹೊಳೆದಿರಲಿಲ್ಲ.

ಆದರೆ ಒಂದು ತಪ್ಪು ತಿದ್ದಲಾಗದೆ ಉಳಿಯಿತು. ಕೆಂಪು ದೀಪ ಮಿನುಗಿದೆಡೆ ಒಂದು ಶಬ್ದ ಒಡೆದುಹೋಗಿದೆ. ಧ್ವನಿಯನ್ನು ಅಳೆಯುವ ಅಂಕಿಗೆ ಒಂದು ಮೇಲಿನ ಮಿತಿಯಿದೆ. ಮುದ್ರಿಸುವಾಗ ಅದನ್ನು ಮೀರಿದರೆ ಮೀರಿದ ಭಾಗ ಬರೆಯಲ್ಪಡುವುದೇ ಇಲ್ಲ. ಬೆರೆಸುವಾಗಿನ ತಪ್ಪನ್ನು ನೂರು ಸಲ ತಿದ್ದಬಹುದು, ಮುದ್ರಿಸುವಾಗಿನದು ಹಾಗಲ್ಲ. ಆ ಶಬ್ದವನ್ನು ಮತ್ತೊಮ್ಮೆ ಹಾಡೆಂದು ಕೇಳಲು ಅಕ್ಕ ಎಲ್ಲಿದ್ದಾಳೆ?

ಆದುದರಿಂದ ಓದುಗ ಬಂಧುಗಳಲ್ಲಿ ನನ್ನ ವಿನಂತಿ. ನಿಮ್ಮ ಮನೆಯಲ್ಲಿ ವಚನ ಹಾಡುವ, ಬೀಸುಕಲ್ಲಿನ ಪದ ಬಲ್ಲ ಹಿರಿಯ ಜೀವಗಳಿದ್ದರೆ ಮುಂದಿನ ಹಬ್ಬದವರೆಗೆ ಕಾಯದೆ ಮುದ್ರಿಸಿಕೊಳ್ಳಿರಿ. ಬಲ್ಲವರ ನೆರವಿದ್ದರೆ ಹಾಡು, ವಾದ್ಯಗಳನ್ನು ಬೇರೆಬೇರೆ ಪಥಗಳಲ್ಲಿ ಇರಿಸಿರಿ. ಅತಿ ಎತ್ತರದ ದನಿಯೂ ಮಿತಿಗಿಂತ ಹತ್ತು ಡೆಸಿಬೆಲ್ ಕೆಳಗಿರಲಿ. ಬೆರೆಸಿದ ಪ್ರತಿಯ ಜೊತೆಗೆ ಮೂಲಪಥಗಳನ್ನೂ ಎರಡು ಕಡೆ ಕಾಯ್ದಿಡಿರಿ. ಅರ್ಥ ಹೇಳುವ ಚಪಲವಿದ್ದರೆ, ಹಾಡು ಮುಗಿದ ಮೇಲೆ ಹೇಳಿರಿ.

ಪುಣ್ಯಸ್ಮರಣೆಯ ದಿನ ಅತ್ತಿವೇರಿಯ ಅದೇ ಪಡಸಾಲೆಯಲ್ಲಿ ಹೊಸ ಪ್ರತಿಯನ್ನು ಹಾಕಿದೆವು. ಒಡೆದ ಶಬ್ದ ಬಂದಾಗ ಅಕ್ಕನ ಮೊಮ್ಮಗಳು ತಾನೇ ಅದನ್ನು ಹಾಡಿ ತುಂಬಿದಳು; ಅದೇ ಧಾಟಿ. ಎಲ್ಲರೂ ತಿರುಗಿ ನೋಡಿದೆವು. ವಚನದ ಅರ್ಥವನ್ನು ಹೇಳೆಂದು ಆ ದಿನ ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.