ದುರ್ಗಿಗುಡಿಯಿಂದ ಮಾಲ್ಗುಡಿಗೆ

ಶಿವಮೊಗ್ಗೆಗೆ ಬಂದವರು ದುರ್ಗಿಗುಡಿಗೆ ಕಾಲಿಡದೆ ಹಿಂದಿರುಗುವುದು ಅಪರೂಪ. ದೇವಿಯ ಗುಡಿಯಿಂದ ಹೆಸರು ಪಡೆದ ಈ ಬಡಾವಣೆ ಇಂದು ಅಂಗಡಿಗಳ ಬೀಡು. ಮದುವೆಯ ಜವಳಿಗೆಂದು ಭದ್ರಾವತಿಯಿಂದಲೋ ತೀರ್ಥಹಳ್ಳಿಯಿಂದಲೋ ಬಂದ ಸಂಸಾರಗಳು ಕೈತುಂಬ ಗಂಟು ಹೊತ್ತು ಹೊರಬೀಳುವ ಹೊತ್ತಿಗೆ ಆಟೋರಿಕ್ಷಾಗಳು ಎದುರಾಗುತ್ತವೆ. ಕರ್ನಾಟಕದ ಯಾವ ಊರಿನ ಆಟೋಗಳನ್ನು ನೋಡಿದರೂ ಕೆಲವದರ ಮೇಲಾದರೂ ಒಬ್ಬ ಗಡ್ಡಧಾರಿ ತರುಣನ ಚಿತ್ರವಿರುತ್ತದೆ. ಆತ ಶಂಕರ್‌ನಾಗ್. ಚಿತ್ರವನ್ನು ಅಂಟಿಸಿಕೊಂಡ ಚಾಲಕರಲ್ಲಿ ಎಷ್ಟೋ ಮಂದಿ ಆ ನಟ ತೀರಿಕೊಂಡ ಮೇಲೆ ಹುಟ್ಟಿದವರು!

1980ರಲ್ಲಿ ತೆರೆಕಂಡ ‘ಆಟೋ ರಾಜ’ ಈ ಅಭಿಮಾನಕ್ಕೆ ಮೂಲ. ಆದರೆ ಶಿವಮೊಗ್ಗೆಯ ಸೀಮೆಗೂ ಶಂಕರ್‌ನಾಗ್ ಅವರಿಗೂ ಇರುವ ನಂಟು ಆಟೋದ ಬೆನ್ನಿಗೆ ಅಂಟಿದ ಚಿತ್ರಕ್ಕಿಂತ ಆಳವಾದುದು. ಊರಿನ ನಡುವೆ ಹಾಯ್ದುಹೋಗುವ ದೊಡ್ಡ ರಸ್ತೆಯನ್ನು ಜನ ಬಿ.ಎಚ್. ರಸ್ತೆ ಎನ್ನುತ್ತಾರೆ, ಬೆಂಗಳೂರು–ಹೊನ್ನಾವರ ಎಂಬುದರ ಮೊಟಕು ರೂಪ ಅದು. ಒಂದು ಕೊನೆಯ ಹೊನ್ನಾವರದ ಬಳಿ, ಮಲ್ಲಾಪುರದಲ್ಲಿ, 1954ರ ನವೆಂಬರ್ 9ರಂದು ಅವರು ಹುಟ್ಟಿದರು. ಇನ್ನೊಂದು ಕೊನೆಯ ಬೆಂಗಳೂರಿನಲ್ಲಿ ಹೆಸರು ಮಾಡಿದರು. ನಡುವೆ ಮುಂಬಯಿಯ ದಾರಿಯೂ ಇತ್ತೆನ್ನಿ. ಮರಾಠಿ ರಂಗಭೂಮಿಯಲ್ಲಿ ಪಳಗಿದ್ದು ಅಲ್ಲಿಯೇ.

ಗಿರೀಶ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರದ ಗಂಡುಗಲಿಯಾಗಿ ಅವರು ಕನ್ನಡ ತೆರೆಗೆ ಬಂದರು. ಮೊದಲ ಚಿತ್ರಕ್ಕೇ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಮುಂದಿನ ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ಹಲವು ಹೊಡೆದಾಟದ ಸಾಮಾನ್ಯ ಚಿತ್ರಗಳೆಂದು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಆದರೆ ಹಗಲು ಸ್ಟುಡಿಯೋದಲ್ಲಿ ಮುಷ್ಟಿ ಬಿಗಿದ ನಟ ‘ಸಂಕೇತ್’ ತಂಡದ ನಾಟಕಗಳಿಗೂ ಬಿಡುವು ಮಾಡಿಕೊಳ್ಳುತ್ತಿದ್ದರು; ‘ನಾಗಮಂಡಲ’ವನ್ನು ರಂಗಕ್ಕೆ ತಂದರು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಚಿತ್ರಗಳನ್ನು ತಾವೇ ನಿರ್ದೇಶಿಸಿದರು.

ಆಗುಂಬೆ ನೆನಪಾಗುವುದು ಇಲ್ಲಿಯೇ. ಶಿವಮೊಗ್ಗೆಯಿಂದ ತುಂಗೆಯ ಜಾಡು ಹಿಡಿದು ತೀರ್ಥಹಳ್ಳಿಯನ್ನು ದಾಟಿದರೆ ಅಡಕೆ ತೋಟಗಳು ಹಿಂದೆ ಸರಿದು ಕಾಡು ಒತ್ತಿ ಬರುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರದು. ಆರ್.ಕೆ. ನಾರಾಯಣರು 1935ರ ತಮ್ಮ ಮೊದಲ ಕಾದಂಬರಿಯಲ್ಲಿ ಸೃಷ್ಟಿಸಿದ ಮಾಲ್ಗುಡಿ ಭೂಪಟದಲ್ಲಿಲ್ಲ. 1980ರ ದಶಕದ ನಡುವಿನಲ್ಲಿ ದೂರದರ್ಶನಕ್ಕಾಗಿ ‘ಮಾಲ್ಗುಡಿ ಡೇಸ್’ ತೆಗೆಯಲು ಹೊರಟ ಶಂಕರ್‌ನಾಗ್ ಆ ಇಲ್ಲದ ಊರನ್ನು ಆಗುಂಬೆಯಲ್ಲಿ ಕಂಡರು. ನಗರದ ಸ್ಟುಡಿಯೋದಲ್ಲಿ ರಟ್ಟಿನ ಊರು ಕಟ್ಟುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಅಲ್ಲಿನ ದೊಡ್ಡಮನೆಯ ಜಗುಲಿ, ಕಂಬ, ತೊಟ್ಟಿಗಳೇ ಸ್ವಾಮಿಯ ಮನೆಯಾದವು. ಮಾಸ್ಟರ್ ಮಂಜುನಾಥ್ ಸ್ವಾಮಿ, ಕಾರ್ನಾಡರು ತಂದೆ, ವೈಶಾಲಿ ಕಾಸರವಳ್ಳಿ ತಾಯಿ. ರೇಖಾಚಿತ್ರಗಳು ನಾರಾಯಣರ ತಮ್ಮ ಲಕ್ಷ್ಮಣರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಇಡೀ ನಾಡು ಗುರುತಿಸುತ್ತಿದ್ದ ನಾಯಕನಟ ಇಲ್ಲಿ ಮುಖ್ಯವಾಗಿ ಕ್ಯಾಮೆರಾದ ಹಿಂದೆಯೇ ನಿಂತು, ಬರಿಗಾಲ ಹುಡುಗನೊಬ್ಬನನ್ನು ಮುಂದೆ ಬಿಟ್ಟರು. ಅವರ ನೂರು ಹೊಡೆದಾಟಗಳನ್ನು ಮರೆತವರೂ ಆ ಹುಡುಗನ ಟೋಪಿಯನ್ನು ಮರೆತಿಲ್ಲ.

ಮಾಲ್ಗುಡಿಗೆ ರೈಲು ನಿಲ್ದಾಣವೊಂದು ಬೇಕಿತ್ತು. ಆಗುಂಬೆಗೆ ರೈಲಿಲ್ಲ. ಆದ್ದರಿಂದ ಚಿತ್ರತಂಡ ಶಿವಮೊಗ್ಗೆ–ತಾಳಗುಪ್ಪ ಮಾರ್ಗದ, ಕುಂಸಿಯ ಮುಂದಿನ ಅರಸಾಳು ಎಂಬ ಪುಟ್ಟ ನಿಲ್ದಾಣಕ್ಕೆ ಹೋಯಿತು. ಅಂದು ಅದು ಮೀಟರ್‌ಗೇಜ್ ಹಳಿ. ಹಂಚಿನ ಮಾಡು, ಸುತ್ತ ಕಾಡು. ಕಥೆಗೆ ಮತ್ತೇನು ಬೇಕು?

1990ರ ಸೆಪ್ಟೆಂಬರ್ 30ರಂದು, ಚಿತ್ರೀಕರಣಕ್ಕೆಂದು ಹೊರಟಿದ್ದ ಶಂಕರ್‌ನಾಗ್ ದಾವಣಗೆರೆಯ ಬಳಿಯ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದರು. ವಯಸ್ಸು ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಮುಂದೆ ತಾಳಗುಪ್ಪದ ಹಳಿ ಬ್ರಾಡ್‌ಗೇಜ್ ಆಯಿತು. ಅರಸಾಳಿನ ಹಳೆಯ ಕಟ್ಟಡ ಕೆಲಸ ಕಳೆದುಕೊಂಡು ಶಿಥಿಲವಾಯಿತು. ಕೆಡವಿಬಿಟ್ಟಿದ್ದರೆ ಕೇಳುವವರು ಯಾರಿದ್ದರು? ರೈಲ್ವೆ ಇಲಾಖೆ ಹಾಗೆ ಮಾಡದೆ ಅದನ್ನು ದುರಸ್ತಿಗೊಳಿಸಿ 2020ರಲ್ಲಿ ‘ಮಾಲ್ಗುಡಿ’ ವಸ್ತುಸಂಗ್ರಹಾಲಯವನ್ನಾಗಿಸಿತು. ಆ ಕೆಲಸಕ್ಕೆ ಕೈಹಾಕಿದವರು, ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. ಯೌವನದಲ್ಲಿ ಗೆಳೆಯನ ಕಥೆಗಾಗಿ ಸಿಂಗರಿಸಿದ್ದ ಗೋಡೆಗಳನ್ನು ಮೂರು ದಶಕಗಳ ಮೇಲೆ, ಗೆಳೆಯನಿಲ್ಲದೆ, ಮತ್ತೊಮ್ಮೆ ಸಿಂಗರಿಸುವ ಪಾಲು ಅವರದಾಯಿತು.

ದುರ್ಗಿಗುಡಿಯ ಖರೀದಿ ಮುಗಿಸಿ ಒಂದು ದಿನದ ಬಿಡುವಿದ್ದವರು ತಾಳಗುಪ್ಪದ ಕಡೆಯ ರೈಲು ಹಿಡಿಯಬಹುದು. ಹತ್ತುವ ಮುನ್ನ ಅದು ಅರಸಾಳಿನಲ್ಲಿ ನಿಲ್ಲುವ ಗಾಡಿಯೇ ಎಂದು ಕೇಳಿಕೊಳ್ಳುವುದು ಒಳಿತು. ಮಕ್ಕಳಿದ್ದರಂತೂ ಜೊತೆಗೆ ಕರೆದೊಯ್ಯಬೇಕು.