ದಾರಿಖರ್ಚು

ನನ್ನ ಅಕ್ಕನ ಮಗಳು ಟೆಕ್ಸಾಸ್‌ನಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಾಳೆ. 2022ರ ಜುಲೈನಲ್ಲಿ ಒಂದು ರಾತ್ರಿ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, "ಚಿಕ್ಕಮ್ಮ, ಗರ್ಭಪಾತಕ್ಕೆ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ನಮ್ಮ ಕಂಪನಿಯವರು ದಾರಿಖರ್ಚು ಕೊಡ್ತಾರಂತೆ" ಎಂದಳು.

"ಪುಣ್ಯವಂತರು" ಎಂದೆ.

"ಹೌದು. ಆದರೆ ಆ ಬಿಲ್ಲನ್ನು ಯಾರ ಮೇಜಿನ ಮೇಲೆ ಇಡಲಿ?"

ನನಗೆ ಉತ್ತರ ಹೊಳೆಯಲಿಲ್ಲ.

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಮಾನ್ಯ ಮಾಡಿದ್ದ ಗರ್ಭಪಾತದ ಹಕ್ಕನ್ನು ಅದೇ ಕೋರ್ಟು 2022ರ ಜೂನ್ 24ರಂದು ತೆಗೆದುಹಾಕಿ, ತೀರ್ಮಾನವನ್ನು ರಾಜ್ಯಗಳಿಗೆ ಬಿಟ್ಟಿತು. ಟೆಕ್ಸಾಸ್ ಅದಕ್ಕೂ ಮೊದಲೇ, 2021ರ ಸೆಪ್ಟೆಂಬರ್‌ನಿಂದ, ಸುಮಾರು 6 ವಾರ ದಾಟಿದರೆ ಕೂಡದು ಎಂದಿತ್ತು. ಮುಟ್ಟು ತಪ್ಪಿದ್ದು ಖಾತ್ರಿಯಾಗುವಷ್ಟರಲ್ಲೇ ಅಷ್ಟು ದಿನ ಕಳೆದಿರುತ್ತದೆ ಎಂದು ಹೆಂಗಸರಿಗೆ ಬೇರೆ ಹೇಳಬೇಕೆ? ನೆರವಾದವರ ಮೇಲೆ ಯಾರು ಬೇಕಾದರೂ ದಾವೆ ಹೂಡಿ, ಗೆದ್ದರೆ ಕನಿಷ್ಠ 10,000 ಡಾಲರ್ ಪಡೆಯಬಹುದಿತ್ತು. ಆಸ್ಪತ್ರೆಗೆ ಬಿಟ್ಟ ಚಾಲಕನೂ ಸಿಕ್ಕಿಬೀಳಬಹುದೆಂದು ಊಬರ್, ಲಿಫ್ಟ್ ಕಂಪನಿಗಳು ತಮ್ಮ ಚಾಲಕರ ಕೋರ್ಟು ಖರ್ಚು ಕೊಡುವುದಾಗಿ ಸಾರಿದವು. ಮರುವರ್ಷ ಅಮೆಜಾನ್ ವರ್ಷಕ್ಕೆ 4,000 ಡಾಲರ್‌ವರೆಗೆ ಪ್ರಯಾಣವೆಚ್ಚ ಎಂದಿತು. ಆಟದ ಸಾಮಾನು ಮಾರುವ ಡಿಕ್ಸ್ ಕಂಪನಿ, ತೀರ್ಪು ಬಂದ ದಿನವೇ, ಜೊತೆಗೆ ಹೋಗುವ ಒಬ್ಬರನ್ನೂ ಲೆಕ್ಕಕ್ಕೆ ಸೇರಿಸಿತು. ಡಿಸ್ನಿಯವರು ನೌಕರರಿಗೆ ಬರೆದದ್ದು ಮಾತ್ರ 'ಕುಟುಂಬ ಯೋಜನೆ', 'ಗರ್ಭದ ಕುರಿತ ತೀರ್ಮಾನ' ಎಂಬ ಮೆತ್ತಗಿನ ಮಾತುಗಳಲ್ಲಿ.

ಅದೇ ವರ್ಷ ಪ್ಯೂ ಸಂಸ್ಥೆ ವಿಚಾರಿಸಿದಾಗ ಅಮೆರಿಕದವರಲ್ಲಿ ಶೇಕಡಾ 61 ಮಂದಿ, ಎಲ್ಲ ಅಥವಾ ಬಹುಪಾಲು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನಿನ ಒಪ್ಪಿಗೆ ಇರಲಿ ಎಂದಿದ್ದರು. ಆದರೂ ಅಂಗಡಿ ಇಟ್ಟವನಿಗೆ ಉಳಿದವರೂ ಗಿರಾಕಿಗಳೇ ತಾನೆ!

ಕಂಪನಿಗಳನ್ನು ನಾನು ಹಳಿಯುವುದಿಲ್ಲ. ಕಷ್ಟಕಾಲದಲ್ಲಿ ಕೈಗೆ ಬಂದ ದುಡ್ಡು ದೊಡ್ಡದೇ. ಆದರೆ ಅದು ಸವಲತ್ತು. ಸಾಮಾನ್ಯವಾಗಿ ಕಂಪನಿಯ ಆರೋಗ್ಯ ವಿಮೆ ಇದ್ದವರಿಗೆ ಅದು ದಕ್ಕುತ್ತದೆ. ಅದೇ ಕಚೇರಿಯ ನೆಲ ಒರೆಸುವ ಗುತ್ತಿಗೆಯವಳಿಗೆ ದಕ್ಕುವುದು ಕಷ್ಟ. ಕೆಲಸ ಬಿಟ್ಟ ದಿನ ಅದೂ ಹೋಯಿತು. ಹಕ್ಕಾದರೆ ಹೆಣ್ಣಿನ ಜೊತೆಗೇ ಇರುತ್ತದೆ.

ನಮ್ಮಲ್ಲಿ 1971ರಿಂದಲೇ ಕಾನೂನಿದೆ. ವಯಸ್ಕ ಹೆಣ್ಣಿಗೆ ಅವಳ ಒಪ್ಪಿಗೆಯೊಂದೇ ಸಾಕು. ಆದರೂ ಒಮ್ಮೆ ಪಕ್ಕದ ಮನೆಯವಳ ಜೊತೆ ನಮ್ಮೂರಿನ ನರ್ಸಿಂಗ್ ಹೋಮಿಗೆ ಹೋದಾಗ, ನಾಲ್ಕು ಜನರ ಎದುರೇ "ಯಜಮಾನರು ಬಂದಿಲ್ವಾ? ಅವರ ಸಹಿ ಬೇಕು" ಎಂದರು. ಅವಳು ಸೆರಗು ಎಳೆದುಕೊಂಡು ತಲೆ ತಗ್ಗಿಸಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಅಲ್ಲೂ ಮೇಜು, ಇಲ್ಲೂ ಮೇಜು.

ಆ ರಾತ್ರಿ ಫೋನಿಡುವ ಮುನ್ನ ತಡೆಯಲಾರದೆ, "ನಿನಗೇನಾದರೂ..." ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ನಾನೂ ಒಂದು ಮೇಜು ಹಾಕಿಕೊಂಡು ಕೂತೆನಲ್ಲ ಅನ್ನಿಸಿತು. "ಹೇಳಲೇಬೇಕೆಂದಿಲ್ಲ ಕಣೇ. ಬಾ ಅಂದರೆ ಬರ್ತೀನಿ" ಎಂದೆ.

"ಗೊತ್ತು ಚಿಕ್ಕಮ್ಮ" ಎಂದಳು. ಅಷ್ಟೇ. ನಾನು ಮತ್ತೆ ಕೇಳಲಿಲ್ಲ.