ಸಾಸಿವೆ ಕಾಳಿನಷ್ಟು ತೂತು

ನನ್ನ ಮದುವೆ ನಿಶ್ಚಯವಾದಾಗ ಅಜ್ಜಿ ಕೇಳಿದ ಮೊದಲ ಪ್ರಶ್ನೆ, "ಹುಡುಗನಿಗೆ ಏನು ಕೆಲಸವೋ?" ಎಂದು. ಅಪ್ಪ, "ಎಣ್ಣೆ ಕೊಳವೆಯ ಕಂಪನಿಯಲ್ಲಿ ಇಂಜಿನಿಯರು. ಕೊಳವೆ ಎಲ್ಲಿ ಸೋರುತ್ತೆ ಅಂತ ನೋಡಿ ರಿಪೇರಿ ಮಾಡಿಸೋದು" ಎಂದರು. ಅಜ್ಜಿ ಹೊಸೆಯುತ್ತಿದ್ದ ಹೂಬತ್ತಿಯನ್ನು ಕೆಳಗಿಟ್ಟು, "ಅಯ್ಯೋ ರಾಮ, ಅಷ್ಟು ಓದಿ ನಲ್ಲಿ ರಿಪೇರಿ ಮಾಡ್ತಾನೇನೋ!" ಎಂದು ಗಲ್ಲದ ಮೇಲೆ ಕೈಯಿಟ್ಟುಕೊಂಡರು. ಮನೆ ತುಂಬ ನಗು. ನನಗೆ ಮಾತ್ರ ಒಳಗೊಳಗೇ ಇರುಸುಮುರುಸು. ಗೆಳತಿಯರಿಗೆಲ್ಲ ಬ್ಯಾಂಕಿನ ಗಂಡ, ಕಾಲೇಜಿನ ಗಂಡ. ನನಗೆ ತೂತು ಹುಡುಕುವ ಗಂಡ!

1988ರಲ್ಲಿ ಹಾಸನದಿಂದ ಹೊರಟು ಸೌರಾಷ್ಟ್ರದ ಒಂದು ಪಂಪಿಂಗ್ ಸ್ಟೇಷನ್ನಿನ ಕಾಲೋನಿಗೆ ಬಂದೆ. ಸುತ್ತ ಹತ್ತಿ, ಜೀರಿಗೆ, ಹರಳಿನ ಹೊಲಗಳು. ಬೇಸಗೆ ಬಂತೆಂದರೆ ಬೆಂಕಿಯಂಥ ಗಾಳಿ. ಹದಿನೆಂಟು ಮನೆಗಳ ಕಾಲೋನಿಯಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಹಡಗುಗಳು ಹೊರದೇಶದಿಂದ ಹೊತ್ತು ತಂದ ಕಚ್ಚಾ ಎಣ್ಣೆಯನ್ನು ಕಚ್ ಕೊಲ್ಲಿಯಲ್ಲಿ ಇಳಿಸಿಕೊಂಡು, ನೆಲದಡಿಯ ಉಕ್ಕಿನ ಕೊಳವೆಗಳಲ್ಲಿ ನೂರಾರು ಮೈಲಿ ದೂರದ ರಿಫೈನರಿಗಳಿಗೆ ತಳ್ಳುತ್ತಾರೆ. ದಾರಿಯುದ್ದಕ್ಕೂ ಅಲ್ಲಲ್ಲಿ ಇಂಥ ಪಂಪುಗಳು. ಇದೇನೂ ಹೊಸ ವಿದ್ಯೆಯಲ್ಲವಂತೆ. ಅಸ್ಸಾಮಿನ ನಹರ್‌ಕಟಿಯಾದಿಂದ 1962ರಲ್ಲೇ ಗುವಾಹಟಿಗೆ, ಆಮೇಲೆ ಬಿಹಾರದ ಬರೌನಿಯವರೆಗೆ 1,157 ಕಿಲೋಮೀಟರ್ ಉದ್ದದ ಕಚ್ಚಾ ಎಣ್ಣೆ ಕೊಳವೆ ಹಾಕಿದ್ದರು.

ಹೊಸದರಲ್ಲಿ ಒಂದು ದಿನ ನಾನು ಕೇಳಿದೆ: "ರೀ, ಕೊಳವೆ ಒಡೆದರೆ ಎಣ್ಣೆ ಕಾರಂಜಿ ಥರ ಚಿಮ್ಮೋದಿಲ್ವೆ? ಅದನ್ನ ಹುಡುಕೋದೇನು ಬಂತು?"

ಇವರು ನಕ್ಕರು. "ಒಡೆದರೆ ಹುಡುಕಬೇಕಾಗಿಲ್ಲ ಕಣೇ. ಒತ್ತಡ ಥಟ್ಟನೆ ಬಿದ್ದುಹೋಗುತ್ತೆ, ಕಂಟ್ರೋಲ್ ರೂಮಿನಲ್ಲಿ ಗಂಟೆ ಹೊಡೆಯುತ್ತೆ. ಕಷ್ಟ ಇರೋದೆಲ್ಲ ಸಣ್ಣ ಸೋರಿಕೆಯದು" ಎಂದು ನನ್ನ ಬಚ್ಚಲಿನ ನಲ್ಲಿಯನ್ನೇ ತೋರಿಸಿದರು. ಅದು ಸೆಕೆಂಡಿಗೊಂದು ತೊಟ್ಟು ತೊಟ್ಟಿಕ್ಕುತ್ತಿತ್ತು. ಕೆಳಗೆ ಚೊಂಬಿಟ್ಟು ನೋಡಿದರೆ ಒಂದು ದಿನಕ್ಕೆ ನಾಲ್ಕು ಲೀಟರಿಗೂ ಮೇಲೆ! ಕಣ್ಣೆದುರಿನ ನಲ್ಲಿಯದೇ ಹೀಗಾದರೆ, ಮಣ್ಣಿನಡಿ ಒಂದು ಮೀಟರು ಆಳದಲ್ಲಿ ಹೂತಿರುವ ಕೊಳವೆಯ ಗತಿಯೇನು?

ಯಂತ್ರಗಳು ಮಾಡುವುದು ನಾವು ಹಾಲಿನವನ ಜೊತೆ ಮಾಡುವಂಥ ಲೆಕ್ಕವನ್ನೇ. ಇಲ್ಲಿಂದ ಎಷ್ಟು ಹೋಯಿತು, ಅಲ್ಲಿಗೆ ಎಷ್ಟು ತಲುಪಿತು ಎಂದು ಅಳೆದು ತಾಳೆ ನೋಡುವುದು. ಆದರೆ ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಶಾಖಕ್ಕೆ ಎಣ್ಣೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಗಂಟೆಗೆ 10 ಲಕ್ಷ ಲೀಟರ್ ಹರಿಯುವ ಕೊಳವೆ ಎಂದಿಟ್ಟುಕೊಳ್ಳಿ. ಅದರಲ್ಲಿ ನೂರಕ್ಕೆ ಒಂದು ಪಾಲು ಎಂದರೆ 10 ಸಾವಿರ ಲೀಟರ್. ಅದಕ್ಕಿಂತ ಕಡಿಮೆ ಸೋರಿದರೆ ಎಷ್ಟೋ ಸಲ ಮೀಟರಿಗೆ ಅದು ಸೋರಿಕೆಯೋ ಅಳತೆಯ ತಪ್ಪೋ ತಿಳಿಯುವುದೇ ಇಲ್ಲ. ಅದಕ್ಕೇ ಕೊಳವೆಯ ಮೇಲಿನ ಹಾದಿಯಲ್ಲಿ ದಿನವೂ ಮನುಷ್ಯರು ನಡೆಯಬೇಕು. ಲೈನ್‌ಮನ್ ಎನ್ನುವ ಹುಡುಗ ಕೋಲು ಹಿಡಿದು, ನೋಟ್‌ಬುಕ್ಕು ಜೇಬಿಗೆ ತುರುಕಿಕೊಂಡು ಮೈಲುಗಟ್ಟಲೆ ನಡೆಯುತ್ತಾನೆ. ಎಲ್ಲಾದರೂ ಬೆಳೆ ಹಳದಿಯಾಗಿದೆಯೇ, ನೀರಿನ ಮೇಲೆ ಬಣ್ಣಬಣ್ಣದ ಪೊರೆ ಇದೆಯೇ, ಯಾರಾದರೂ ನೆಲ ಅಗೆದಿದ್ದಾರೆಯೇ, ವಾಸನೆ ಬರುತ್ತಿದೆಯೇ ಎಂದು ನೋಡುತ್ತಾನೆ.

ಇನ್ನು ನನ್ನ ಕಥೆಗೆ ಬರುತ್ತೇನೆ. 1996ರ ಜನವರಿ. ಮಗನಿಗೆ ಆರು ವರ್ಷ, ಮಗಳಿಗೆ ಎರಡು. ಅಡಿಗೆಮನೆಗೆ ಅಂಟಿಕೊಂಡ ಕೋಣೆಯಲ್ಲೇ ಮಕ್ಕಳು ಮಲಗುತ್ತಿದ್ದರು. ಹೊಸ ವರ್ಷ ಬಂದ ವಾರದಲ್ಲೇ ನನಗೆ ಬೆಳಿಗ್ಗೆ ಅಡಿಗೆಮನೆಯ ಬಾಗಿಲು ತೆರೆದೊಡನೆ ಗ್ಯಾಸಿನ ವಾಸನೆ ಬಡಿಯಲು ಶುರುವಾಯಿತು. ಕಿಟಕಿ ತೆಗೆದರೆ ಮಾಯ. ಇವರಿಗೆ ಹೇಳಿದೆ. ಬಂದು ಒಂದು ಸಲ ಮೂಸಿ, "ಏನೂ ಇಲ್ಲ, ನಿನ್ನ ಭ್ರಮೆ" ಎಂದರು. ಎರಡು ದಿನ ಬಿಟ್ಟು ಮತ್ತೆ ಹೇಳಿದೆ. "ರಾತ್ರಿ ಬರ್ನರ್ ಸರಿಯಾಗಿ ಆರಿಸಿರೋಲ್ಲ ನೀನು. ಎಣ್ಣೆ ಕೊಳವೇನೇ ನೋಡ್ಕೊಳ್ಳೋನಿಗೆ ಮನೆ ಸಿಲಿಂಡರ್ ಗೊತ್ತಾಗೋಲ್ವೆ?" ಎಂದರು. ನಾನೂ ಸುಮ್ಮನಾದೆ. ತಿಳಿದವರು ಹೇಳಿದ ಮೇಲೆ ಇನ್ನೇನು ಎಂದುಕೊಂಡೆ. ನಿಜ ಹೇಳುತ್ತೇನೆ, ಸುಮ್ಮನಾದದ್ದು ನನ್ನ ತಪ್ಪು.

ಸಂಕ್ರಾಂತಿ ಬಂತು. ಗುಜರಾತಿನಲ್ಲಿ ಅದಕ್ಕೆ ಉತ್ತರಾಯಣ ಎಂದು ಹೆಸರು. ಆಕಾಶದ ತುಂಬ ಗಾಳಿಪಟ, ಮನೆಮನೆಯಲ್ಲೂ ಉಂಧಿಯು. ನಾನು ಊರಿನ ನೆನಪಿಗೆ ಎಳ್ಳುಬೆಲ್ಲ ಬೆರೆಸುತ್ತಿದ್ದೆ. ಮಧ್ಯಾಹ್ನ ಎಲೆ ಹಾಕುವ ಹೊತ್ತಿಗೆ ಫೋನು. ಇವರು ಮಾತಾಡುತ್ತಾ ಆಡುತ್ತಾ ಮುಖ ಕಪ್ಪಿಟ್ಟಿತು. ಊಟವನ್ನೂ ಮಾಡದೆ ಜೀಪು ಹತ್ತಿದರು. ಮನೆಗೆ ಬಂದದ್ದು ಮೂರನೆಯ ದಿನ ರಾತ್ರಿ. ಬಟ್ಟೆಯೆಲ್ಲ ಕರಿ, ಕಣ್ಣು ಕೆಂಪು. ಬಿಸಿನೀರು ಕಾಯಿಸಿ ಕೊಟ್ಟೆ, ಊಟ ಬಡಿಸಿದೆ. ನಡೆದದ್ದನ್ನು ಮೆಲ್ಲಗೆ ಹೇಳಿದರು.

ಹದಿನೈದು ಮೈಲಿ ದೂರದ ಒಂದು ಜೀರಿಗೆ ಹೊಲದಲ್ಲಿ ಎಣ್ಣೆ ಮೇಲಕ್ಕೆ ಒಸರಿತ್ತು. ಕೂಡಲೇ ಪಂಪು ನಿಲ್ಲಿಸಿ, ಎರಡೂ ಕಡೆಯ ವಾಲ್ವು ಮುಚ್ಚಿ ಒತ್ತಡ ಇಳಿಸಿದರಂತೆ. ಸುತ್ತ ಹಗ್ಗ ಕಟ್ಟಿ, ಬೀಡಿ ಬೆಂಕಿಪೆಟ್ಟಿಗೆಯನ್ನೆಲ್ಲ ದೂರ ಇಡಿಸಿ, ಬೆಂಕಿ ಆರಿಸುವ ಗಾಡಿ ತಂದು ನಿಲ್ಲಿಸಿದರು. ಆಮೇಲೆ ಅಗೆತ. ಕೊಳವೆಯ ಹತ್ತಿರ ಬಂದಂತೆ ಯಂತ್ರ ಬಿಟ್ಟು ಕೈಯಲ್ಲೇ ಮಣ್ಣು ತೆಗೆಯಬೇಕು. ಕಿಡಿ ಹಾರಬಾರದು, ಕೊಳವೆಗೆ ಪೆಟ್ಟಾಗಬಾರದು. ಗುಂಡಿಯಲ್ಲಿ ನಿಂತ ಎಣ್ಣೆಯನ್ನು ಟ್ಯಾಂಕರಿಗೆ ಎಳೆದು ತೆಗೆದರು. ಕೊಳವೆಯ ಮೈ ಒರೆಸಿ ಕೊನೆಗೆ ಕಂಡದ್ದೇನು? ಸಾಸಿವೆ ಕಾಳಿನಷ್ಟು ತೂತು!

"ಅಷ್ಟು ದಪ್ಪದ ಉಕ್ಕಿಗೆ ತೂತು ಹೇಗೆ ಬಿತ್ತು?" ಎಂದೆ. ಕೊಳವೆಗೆ ತುಕ್ಕು ತಾಗದಿರಲೆಂದು ಟಾರಿನಂಥ ಹೊದಿಕೆ ಬಳಿದಿರುತ್ತಾರೆ. ಅದರ ಜೊತೆಗೆ ಉಕ್ಕು ಸವೆಯದಂತೆ ಸಣ್ಣ ವಿದ್ಯುತ್ತನ್ನೂ ಹರಿಸುತ್ತಾರೆ. ಎಲ್ಲೋ ಒಂದು ಕಲ್ಲು ಒತ್ತಿ ಹೊದಿಕೆ ಕಿತ್ತಿತ್ತು. ಉಪ್ಪಿನಂಶದ ತೇವ ಒಳಗಿಳಿದು ವರ್ಷಗಟ್ಟಲೆ ಕೊರೆದಿತ್ತು. ತೂತಿನ ಮೇಲೆ ಒಳಮೈಗೆ ರಬ್ಬರು ಕೂರಿಸಿದ ಎರಡು ಅರ್ಧಬಳೆಗಳಂಥ ಉಕ್ಕಿನ ಪಟ್ಟಿ ಸುತ್ತಿ ಬೋಲ್ಟು ಬಿಗಿದರು. ಇದು ತಾತ್ಕಾಲಿಕ. ಅಕ್ಕಪಕ್ಕದ ಉಕ್ಕು ಎಷ್ಟು ದಪ್ಪ ಉಳಿದಿದೆ ಎಂದು ಶಬ್ದದ ಅಲೆಯ ಯಂತ್ರದಿಂದ ಅಳೆದು, ಆಮೇಲೆ ಉಕ್ಕಿನ ತೋಳು ತೊಡಿಸಿ ವೆಲ್ಡ್ ಮಾಡುತ್ತಾರೆ. ಹೊಸ ಹೊದಿಕೆ ಬಳಿದು, ಎಲ್ಲೂ ಬಿರುಕಿಲ್ಲವೆಂದು ಪರೀಕ್ಷಿಸಿದ ಮೇಲೆಯೇ ಮಣ್ಣು ಮುಚ್ಚುವುದು.

ಎಲ್ಲ ಹೇಳಿದರೂ ಇವರ ಮನಸ್ಸಿನಲ್ಲಿ ಏನೋ ಉಳಿದಿತ್ತು. ಅದೇನೆಂದು ತಿಳಿದದ್ದು ಮುಂದಿನ ಭಾನುವಾರ. ಬೆಳೆ ನಷ್ಟದ ಪರಿಹಾರದ ಕಾಗದ ಹಿಡಿದು ಆ ಹೊಲದ ಮನೆಗೆ ಹೊರಟಿದ್ದರು. ಎಂದೂ ಇಲ್ಲದೆ, "ನೀನೂ ಬಾರೇ" ಎಂದರು. ಎಳ್ಳುಬೆಲ್ಲದ ಡಬ್ಬಿ ತೆಗೆದುಕೊಂಡು ಹೋದೆ.

ಮನೆಯಲ್ಲಿದ್ದದ್ದು ಎಪ್ಪತ್ತು ದಾಟಿದ ಅಜ್ಜಿ. ಊರವರೆಲ್ಲ "ಬಾ" ಎನ್ನುತ್ತಿದ್ದರು. ಅಲ್ಲಿ ಹಾಗೆಂದರೆ ಅಮ್ಮ. ಆಕೆ ನನ್ನ ಕೈ ಹಿಡಿದು ಹೊಲಕ್ಕೆ ಕರೆದೊಯ್ದರು. ಹಸಿರು ಜೀರಿಗೆಯ ನಡುವೆ ಒಂದು ಮನೆಯಷ್ಟಗಲ ಕರಿ ನೆಲ. ಅಲ್ಲಿಂದ ಇನ್ನೂರು ಹೆಜ್ಜೆಗೆ ಅವರ ಬಾವಿ. ಮನೆಗೂ ಎಮ್ಮೆಗಳಿಗೂ ಅದೊಂದೇ ನೀರು.

"ಬೆನ್, ಎಂಟು ದಿನ ಮೊದಲೇ ಹೇಳಿದ್ದೆ" ಎಂದರು ಬಾ. "ನನ್ನ ಎಮ್ಮೆ ಈ ಬದುವಿನ ಹುಲ್ಲಿಗೆ ಬಾಯಿ ಹಾಕಲಿಲ್ಲ. ಜೀರಿಗೆ ಒಂದೇ ಕಡೆ ದುಂಡಗೆ ಹಳದಿಯಾಯಿತು. ಮುಂಜಾನೆ ಬಂದರೆ ಸೀಮೆಎಣ್ಣೆ ವಾಸನೆ, ಬಿಸಿಲೇರಿದರೆ ಇಲ್ಲ. ಕೋಲಿನ ಹುಡುಗನಿಗೆ ಹೇಳಿದೆ, ಪಾಪ ಬರೆದುಕೊಂಡ. ಯಾರೂ ಬರಲಿಲ್ಲ. ಮುದುಕಿಯ ಮೂಗನ್ನು ಯಾರು ನಂಬುತ್ತಾರೆ? ಬಾವಿಗೆ ಇಳಿದಿದ್ದರೆ ನಾವು ಎಲ್ಲಿಗೆ ಹೋಗಬೇಕಿತ್ತು?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ಇವರು ತಲೆ ತಗ್ಗಿಸಿ ನಿಂತಿದ್ದರು. ದಾರಿಯಲ್ಲಿ ಜೀಪು ನಿಲ್ಲಿಸಿ ಹೇಳಿದರು: "ಆ ಹುಡುಗನ ಚೀಟಿ ನನ್ನ ಮೇಜಿಗೇ ಬಂದಿತ್ತು. ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿದೆ; ಲೆಕ್ಕ ಸರಿಯಾಗಿದೆ ಅಂದರು. ಯಾರೋ ಟ್ರ್ಯಾಕ್ಟರಿನ ಡೀಸೆಲ್ ಚೆಲ್ಲಿರಬೇಕು ಅಂತ ಚೀಟೀನ ಫೈಲಿಗೆ ಹಾಕ್ಬಿಟ್ಟೆ. ಅವತ್ತೇ ಹೋಗಿದ್ದರೆ ಒಂದು ಬುಟ್ಟಿ ಮಣ್ಣಿನಲ್ಲಿ ಮುಗೀತಿತ್ತು."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಧೈರ್ಯ ಮಾಡಿ, "ರೀ, ಮನೇಲಿ ನನ್ನ ಮೂಗಿಗೂ ಮುಂಜಾನೆ ವಾಸನೆ ಬರ್ತಿದೆ. ಬಿಸಿಲೇರಿದರೆ ಇಲ್ಲ" ಎಂದೆ.

ಮನೆಗೆ ಬಂದವರೇ ಬಟ್ಟಲಲ್ಲಿ ಸಾಬೂನು ಕದಡಿ ನೊರೆ ಮಾಡಿದರು. ಕಿಟಕಿ ಬಾಗಿಲು ತೆರೆಸಿದರು. ಸಿಲಿಂಡರಿನ ಬಾಯಿಗೆ, ರಬ್ಬರ್ ಟ್ಯೂಬಿನ ಉದ್ದಕ್ಕೂ ನೊರೆ ಹಚ್ಚುತ್ತಾ ಬಂದರು. ಏನಿಲ್ಲ... ಏನಿಲ್ಲ... ಟ್ಯೂಬು ಒಲೆಗೆ ಸೇರುವ ಕಡೆ, ಹಿಂದುಗಡೆ, ನೊರೆಯಲ್ಲಿ ಮೆಲ್ಲಗೆ ಒಂದು ಗುಳ್ಳೆ ಎದ್ದಿತು. ಒಡೆಯಿತು. ಇನ್ನೊಂದು ಎದ್ದಿತು. ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು. ಇವರು ರೆಗ್ಯುಲೇಟರ್ ಮುಚ್ಚಿ, ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಪಕ್ಕದ ಕೋಣೆಯಲ್ಲಿ ಮಗಳು ನಿದ್ದೆಯಲ್ಲಿ ಕನವರಿಸುತ್ತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವತ್ತಿನಿಂದ ಇವರು ಆಫೀಸಿನಲ್ಲಿ ಒಂದು ಪದ್ಧತಿ ಹಾಕಿಕೊಂಡರು: ಹೊಲದವರು ವಾಸನೆ ಎಂದರೆ, ಮೀಟರು ಏನೇ ಹೇಳಲಿ, ಅದೇ ದಿನ ಒಬ್ಬರು ಹೋಗಿ ಮಣ್ಣು ಮೂಸಿ ಬರಬೇಕು. ಹತ್ತು ಸಲ ಹೋದರೆ ಒಂಬತ್ತು ಸಲ ಏನೂ ಇರುತ್ತಿರಲಿಲ್ಲವಂತೆ. "ಇರಲಿ, ಒಂಬತ್ತು ಸಲದ ಪೆಟ್ರೋಲು ಹತ್ತನೆಯದರಲ್ಲಿ ಹುಟ್ಟುತ್ತೆ" ಎನ್ನುತ್ತಿದ್ದರು.

ನಮ್ಮಲ್ಲಿ ಮಾತ್ರ ಹೀಗೆಂದು ತಿಳಿಯಬೇಡಿ. 2006ರ ಮಾರ್ಚಿನಲ್ಲಿ ಅಮೆರಿಕದ ಅಲಾಸ್ಕಾದ ಪ್ರುಡೋ ಬೇ ತೈಲಕ್ಷೇತ್ರದಲ್ಲಿ 34 ಅಂಗುಲದ ಕೊಳವೆಯೊಂದು ಒಳಗಿನಿಂದ ತುಕ್ಕು ತಿಂದು ಕಾಲು ಅಂಗುಲದಷ್ಟು ತೂತಾಯಿತು. ಹಿಮದ ಅಡಿಯಲ್ಲಿ ದಿನಗಟ್ಟಲೆ ಸೋರಿ ಸುಮಾರು 10 ಲಕ್ಷ ಲೀಟರ್ ಕಚ್ಚಾ ಎಣ್ಣೆ ಚೆಲ್ಲಿತು. ಅಂಥ ಸಿರಿವಂತ ದೇಶದ ಯಂತ್ರಗಳನ್ನು ಮೀರಿ ಅದನ್ನು ಪತ್ತೆ ಮಾಡಿದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಕೆಲಸಗಾರನೊಬ್ಬನ ಮೂಗು!

ಈಗ ವಿದ್ಯೆ ಎಷ್ಟೋ ಮುಂದುವರಿದಿದೆ. 'ಪಿಗ್' ಎಂಬ ಯಂತ್ರವನ್ನು ಕೊಳವೆಯೊಳಗೇ ಎಣ್ಣೆಯ ಜೊತೆ ಬಿಡುತ್ತಾರೆ; ಅದು ಅಯಸ್ಕಾಂತದ ಬಲದಿಂದ ಎಲ್ಲೆಲ್ಲಿ ಉಕ್ಕು ಸವೆದಿದೆ ಎಂದು ಬರೆದುಕೊಂಡು ಬರುತ್ತದೆ. ಹಂದಿಗೆ ಯಾಕೆ ಈ ಮರ್ಯಾದೆಯೋ! ಕೊಳವೆಯ ಜೊತೆ ಹೂತ ಗಾಜಿನ ಎಳೆ ನೆಲದ ಸದ್ದು ಕೇಳಿಸಿಕೊಳ್ಳುತ್ತದೆ, ಡ್ರೋನು ಮೇಲಿನಿಂದ ನೋಡುತ್ತದೆ. ಆದರೂ ನಡೆಯುವ ಹುಡುಗನನ್ನು ಯಾರೂ ಮನೆಗೆ ಕಳಿಸಿಲ್ಲ.

ಇವರು ನಿವೃತ್ತರಾದ ಮೇಲೆ ನಾವು ಹಾಸನಕ್ಕೆ ಮರಳಿದೆವು. ಮಂಗಳೂರಿನಿಂದ ಬೆಂಗಳೂರಿಗೆ ಪೆಟ್ರೋಲು, ಡೀಸೆಲು ಒಯ್ಯುವ ಕೊಳವೆ ಈ ಕಡೆಯಿಂದಲೇ ಹೋಗುತ್ತದೆ. ಕರಾವಳಿಯ ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಕಚ್ಚಾ ಎಣ್ಣೆಯ ಉಗ್ರಾಣಕ್ಕೂ ಕೊಳವೆಯೇ ದಾರಿ. ಸಹೋದರಿಯರೇ, ನಿಮ್ಮ ತೋಟದ ಹತ್ತಿರ ಇಂಥ ಕೊಳವೆಯ ಗುರುತಿನ ಫಲಕ ಇದ್ದರೆ ಅದರ ಮೇಲಿರುವ ಫೋನ್ ನಂಬರು ಬರೆದಿಟ್ಟುಕೊಳ್ಳಿ. ಹುಲ್ಲು ಸುಮ್ಮಸುಮ್ಮನೆ ಒಣಗಿದರೆ, ವಾಸನೆ ಬಂದರೆ, ಬೆಂಕಿಯನ್ನು ದೂರವಿಟ್ಟು ಅವರಿಗೆ ತಿಳಿಸಿ. ಕೇಳದಿದ್ದರೆ ಮತ್ತೆ ಹೇಳಿ.

ಮನೆಯ ಸಿಲಿಂಡರಿನ ವಿಷಯವೂ ಅಷ್ಟೇ. ಗ್ಯಾಸಿಗೆ ಸ್ವಂತ ವಾಸನೆಯಿಲ್ಲ. ನಮ್ಮ ಮೂಗಿಗೆ ತಿಳಿಯಲೆಂದೇ ಆ ಕೆಟ್ಟ ವಾಸನೆ ಬೆರೆಸುತ್ತಾರೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆಯಿರಿ. ಲೈಟಿನ ಸ್ವಿಚ್ಚು ಮುಟ್ಟಬೇಡಿ, ಕಡ್ಡಿ ಗೀರಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಿ. "ಏನೂ ಇಲ್ಲ, ನಿನ್ನ ಭ್ರಮೆ" ಎಂದು ಯಾರಾದರೂ ಅಂದರೆ ನನ್ನ ಹಾಗೆ ಸುಮ್ಮನಾಗಬೇಡಿ.

ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತು. ಇದ್ದಿದ್ದರೆ ಹೇಳುತ್ತಿದ್ದೆ, ನಲ್ಲಿ ರಿಪೇರಿಯೇನೂ ಸಣ್ಣ ಕೆಲಸವಲ್ಲ ಅಜ್ಜಿ ಎಂದು. ಇವರು ಇವತ್ತಿಗೂ ಬೆಳಿಗ್ಗೆ ನಾನು ಅಡಿಗೆಮನೆಯ ಬಾಗಿಲು ತೆರೆದ ಕೂಡಲೇ ಹಜಾರದಿಂದ ಕೂಗುತ್ತಾರೆ: "ಏನಾದರೂ ವಾಸನೆ ಇದೆಯೇನೇ?"

"ಇಲ್ಲ ಕಣ್ರೀ" ಎಂದ ಮೇಲೆಯೇ ಇವರ ಕಾಫಿಗೆ ನೀರಿಡುವುದು.